ವ್ಯಾನ್ ಒಳಗೆ ಮಲಗಿದರೆ ಬೆಳಿಗ್ಗೆ ಎಲ್ಲಾ ಒದ್ದೆ, ಊಟಿ ಚಳಿಗೆ ಏನು ಮಾಡೋದು?

ಈಕೋ ಸವಾರಿ, ಬನಶಂಕರಿ

ಎಲ್ಲರಿಗೂ ನಮಸ್ಕಾರ. ನಮ್ಮದು ಹಳೇ ಈಕೋ. ಹಿಂದೆ ಪ್ಲೈವುಡ್ ಹಲಗೆ ಹಾಕಿ, ಅದರ ಮೇಲೆ ಫೋಮ್ ಹಾಸಿಗೆ ಹಾಸಿಕೊಂಡು ನಾನು, ನನ್ನ ಹೆಂಡತಿ ಮಲಗುತ್ತೇವೆ. ಮೊನ್ನೆ ಮಡಿಕೇರಿ ಹತ್ತಿರ ಒಂದು ಹೋಮ್‌ಸ್ಟೇ ಅಂಗಳದಲ್ಲಿ ನಿಲ್ಲಿಸಿದ್ದೆವು. ಚಳಿ ಅಂತ ಗ್ಲಾಸ್ ಎಲ್ಲಾ ಏರಿಸಿಕೊಂಡೇ ಮಲಗಿದ್ದು. ಬೆಳಗಿನ ಜಾವ ರೂಫ್ ಶೀಟಿನಿಂದ ತೊಟ್ ತೊಟ್ ಅಂತ ಹಣೆ ಮೇಲೆ ನೀರು. ಗ್ಲಾಸ್‌ನಿಂದ ಇಳಿದದ್ದು ಡೋರಿನ ರಬ್ಬರ್ ಬೀಡಿಂಗ್‌ನಲ್ಲಿ ನಿಂತಿತ್ತು, ಡೋರ್ ಎಳೆದ ತಕ್ಷಣ ಅಷ್ಟೂ ಅವಳ ಶಾಲಿನ ಮೇಲೆ ಸುರಿಯಿತು. ಮಳೆ ಬಂದಿಲ್ಲ, ಗಾಡಿ ಸೋರುವುದೂ ಇಲ್ಲ.

ಜನವರಿಯಲ್ಲಿ ಊಟಿಗೆ ಹೊರಟಿದ್ದೇವೆ. ಒಬ್ಬ ಗೆಳೆಯ ತೇವ ಹೀರೋ ಹರಳು, ಸಿಲಿಕಾ ಜೆಲ್ ಇಡು ಅಂತಾನೆ, ಇನ್ನೊಬ್ಬ ಚಿಕ್ಕ ಗ್ಯಾಸ್ ಹೀಟರ್ ತಗೋ ಅಂತಾನೆ. ಯಾವುದು ಸರಿ? ಜಾಸ್ತಿ ಖರ್ಚು ಮಾಡುವ ಮನಸ್ಸಿಲ್ಲ.

ಗ್ಯಾರೇಜ್ ರಾಯರು

ಸರ್, ಆ ನೀರು ನಿಮ್ಮಿಬ್ಬರದೇ. ರಾತ್ರಿ ಪೂರ್ತಿ ಮಲಗಿದರೆ ಉಸಿರು, ಮೈಯ ತೇವ ಸೇರಿ ಒಬ್ಬರಿಂದ ಸುಮಾರು ಕಾಲು ಲೀಟರ್ ನೀರು ಗಾಳಿಗೆ ಸೇರುತ್ತದೆ. ಇಬ್ಬರಿಗೆ ಅರ್ಧ ಲೀಟರ್. ಈಗ ಲೆಕ್ಕ ನೋಡಿ. 10 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿದಿಟ್ಟುಕೊಳ್ಳುವುದು 9 ಗ್ರಾಂ ಚಿಲ್ಲರೆ ನೀರು, ಅಷ್ಟೇ. ನಿಮ್ಮ ಗಾಡಿ ಒಳಗೆ 4 ಘನ ಮೀಟರ್ ಜಾಗ ಇದೆ ಅಂತ ಇಟ್ಟುಕೊಂಡರೂ 40 ಗ್ರಾಂ ಆಯಿತು. ಉಳಿದದ್ದು ಎಲ್ಲಿಗೆ ಹೋಗಬೇಕು? ಇಡ್ಲಿ ಪಾತ್ರೆ ಮುಚ್ಚಳದ ಹಾಗೆ, ತಣ್ಣಗಿರೋ ಶೀಟು, ಗ್ಲಾಸಿಗೆ ಹೋಗಿ ಕೂರುತ್ತದೆ.

ಹಾಗಾಗಿ ಗಾಳಿ ಬದಲಾಗಲೇಬೇಕು, ಬೇರೆ ದಾರಿ ಇಲ್ಲ. ಊಟಿಯಲ್ಲಿ ಹೊರಗೆ 3 ಡಿಗ್ರಿ ಇದ್ದರೆ ಆ ಗಾಳಿ ಮಂಜಿನಿಂದ ತುಂಬಿದ್ದರೂ ಅದರಲ್ಲಿರುವುದು ಘನ ಮೀಟರಿಗೆ 6 ಗ್ರಾಂ ನೀರು. ಅದು ಒಳಗೆ ಬಂದು 12 ಡಿಗ್ರಿಗೆ ಬಿಸಿಯಾದರೆ ಇನ್ನೂ 4 ಗ್ರಾಂ ಹೊತ್ತುಕೊಂಡು ಹೋಗುತ್ತದೆ. ರಾತ್ರಿಗೆ ನೂರು, ನೂರಿಪ್ಪತ್ತು ಘನ ಮೀಟರ್ ಹೊರಗೆ ಹೋದರೆ ಸಾಕು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ 12 ವೋಲ್ಟಿನ ಕಂಪ್ಯೂಟರ್ ಫ್ಯಾನ್ ಸಿಗುತ್ತದೆ, 120 ಎಂಎಂ ಸೈಜಿನದು. ನಿಧಾನಕ್ಕೆ ತಿರುಗಿದರೂ ಇಷ್ಟು ಕೆಲಸ ಆರಾಮಾಗಿ ಮಾಡುತ್ತದೆ, ಎರಡು ಮೂರು ವ್ಯಾಟ್ ಎಳೆಯುತ್ತದೆ ಅಷ್ಟೆ. ಜೆಸಿ ರೋಡಿನಿಂದ ಡೋರ್ ವೈಸರ್, ಅಂದರೆ ಕಿಟಕಿ ಮೇಲಂಚಿಗೆ ಅಂಟಿಸೋ ಪ್ಲಾಸ್ಟಿಕ್ ಮರೆ, ಹಾಕಿಸಿಬಿಡಿ, ಗ್ಲಾಸ್ ಅರ್ಧ ಇಂಚು ಇಳಿಸಿದ್ದರೂ ಮಂಜು ಒಳಗೆ ಬೀಳಲ್ಲ, ಹೊರಗಿನವರ ಕಣ್ಣಿಗೂ ಕಾಣಲ್ಲ. ಮುಂದೆ ಒಂದು ಕಡೆ, ಹಿಂದೆ ಅದರ ಎದುರು ಕಡೆ ತೆರೆದಿರಲಿ. ಒಂದೇ ಕಡೆ ತೆರೆದರೆ ಗಾಳಿ ಆಡಲ್ಲ.

ಬೆಂಕಿ ಬೇಡ ಗುರು

ಗ್ಯಾಸ್ ಹೀಟರ್ ಹೇಳಿದ ಗೆಳೆಯನಿಗೆ ದೊಡ್ಡ ನಮಸ್ಕಾರ ಹಾಕಿ. ಒಂದು ಕೆಜಿ ಎಲ್‌ಪಿಜಿ ಉರಿದರೆ ಒಂದೂವರೆ ಕೆಜಿಗಿಂತ ಜಾಸ್ತಿ ನೀರಾವಿ ಬರುತ್ತದೆ, ಒದ್ದೆ ಇನ್ನೂ ಹೆಚ್ಚುತ್ತದೆ. ಅದು ಹೋಗಲಿ. ಮುಚ್ಚಿದ ಗಾಡಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ಸೇರಿಕೊಂಡರೆ ವಾಸನೆ ಇಲ್ಲ, ಬಣ್ಣ ಇಲ್ಲ, ನಿದ್ದೆಯಲ್ಲೇ ಕಥೆ ಮುಗಿಯುತ್ತದೆ. ಇದ್ದಿಲ ಅಗ್ಗಿಷ್ಟಿಕೆ ಇನ್ನೂ ಕೆಟ್ಟದ್ದು. ಇಂಜಿನ್ ಆನ್ ಇಟ್ಟು ಮಲಗುವುದೂ ಬೇಡ. ಟೀ ಕಾಯಿಸುವುದಿದ್ದರೆ ಹೊರಗೆ ಕಾಯಿಸಿ.

ಜಯನಗರ ಅಕ್ಕ

ಗ್ಲಾಸ್ ತೆಗೆದರೆ ಚಳಿ ಆಗಲ್ವಾ ಅಂತ ಮುಂದೆ ಕೇಳೇ ಕೇಳ್ತೀರ, ಅದಕ್ಕೇ ಮೊದಲೇ ಹೇಳಿಬಿಡ್ತೀನಿ. ಗಾಡಿ ಬೆಚ್ಚಗೆ ಮಾಡೋ ಆಸೆ ಬಿಡಿ, ಮೈ ಬೆಚ್ಚಗಿದ್ದರೆ ಆಯಿತು. ಚಳಿ ಜಾಸ್ತಿ ಹತ್ತುವುದು ಕೆಳಗಿನಿಂದ. ಗಾಳಿ ತುಂಬುವ ಹಾಸಿಗೆ ತಂದಿದ್ದರೆ ಮನೆಯಲ್ಲೇ ಬಿಡಿ, ಅದರೊಳಗಿನ ಗಾಳಿ ತಣ್ಣಗಾಗಿ ಬೆನ್ನು ಕೊರೆಯುತ್ತದೆ. ಫೋಮ್ ಕೆಳಗೆ ದಪ್ಪ ಯೋಗಾ ಮ್ಯಾಟ್, ಮೇಲೆ ಒಂದು ಒಳ್ಳೆ ಉಣ್ಣೆ ಕಂಬಳಿ. ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವ ಕುಡಿದರೂ ಮುಟ್ಟಿದರೆ ಒದ್ದೆ ಅನ್ನಿಸಲ್ಲ, ನಮ್ಮ ಕುರಿ ಕಾಯೋರು ಸುಮ್ನೆ ಹೊದ್ದುಕೊಂಡು ಓಡಾಡ್ತಿರಲಿಲ್ಲ. ಸ್ಲೀಪಿಂಗ್ ಬ್ಯಾಗ್ ಕೊಳ್ಳೋದಾದರೆ ಅದರ ಮೇಲೆ ದೊಡ್ಡದಾಗಿ ಬರೆದ ಮೈನಸ್ ನಂಬರ್ ನೋಡಿ ಮೋಸ ಹೋಗಬೇಡಿ, ಅದು ಎಷ್ಟೋ ಸಲ ‘ಎಕ್ಸ್‌ಟ್ರೀಮ್’ ನಂಬರ್, ಅಂದರೆ ಜೀವ ಉಳಿಸಿಕೊಳ್ಳೋ ಮಟ್ಟದ್ದು, ನಿದ್ದೆ ಬರೋ ಮಟ್ಟದ್ದಲ್ಲ. ‘ಕಂಫರ್ಟ್’ ಅಂತ ಬರೆದಿರೋದನ್ನು ನೋಡಿ. ಮಲಗೋ ಮುಂಚೆ ಬಿಸಿನೀರಿನ ಬ್ಯಾಗ್ ಕಾಲ ಹತ್ತಿರ, ತಲೆಗೆ ಕುಲಾವಿ, ಒಣಗಿದ ಕಾಲುಚೀಲ. ಮುಖ ಮಾತ್ರ ಹೊದಿಕೆಯಿಂದ ಹೊರಗೆ ಇರಲಿ, ಒಳಗೆ ಉಸಿರು ಬಿಟ್ಟರೆ ಹೊದಿಕೆಯೇ ತೇವ ಆಗುತ್ತದೆ.

ಒದ್ದೆ ಟವೆಲ್ ಒಳಗೆ ನೇತು ಹಾಕೋ ಗಂಡಸರಿಗೆ ಹೇಳಿ ಹೇಳಿ ಸಾಕಾಗಿದೆ ನನಗೆ.

ಗ್ಯಾರೇಜ್ ರಾಯರು

ಅಕ್ಕ ಹೇಳಿದ್ದು ಸರಿ. ಸಿಲಿಕಾ ಜೆಲ್ ಬಗ್ಗೆ: ಅದು ಎಳೆದುಕೊಳ್ಳೋದು ತನ್ನ ತೂಕದ ಮೂರನೇ ಒಂದು ಭಾಗ ಅಂತ ಇಟ್ಕೊಳ್ಳಿ. ಅರ್ಧ ಲೀಟರಿಗೆ ಒಂದೂವರೆ ಕೆಜಿ ಬೇಕು, ಮತ್ತೆ ಬಳಸೋಕೆ ಬೆಳಿಗ್ಗೆ ಎದ್ದು ಅದನ್ನು ಹುರಿದು ಒಣಗಿಸುತ್ತಾ ಕೂರಬೇಕು. ಕ್ಯಾಮೆರಾ ಬ್ಯಾಗಿಗೆ ಇಡಿ, ಗಾಡಿಗೆ ಅಲ್ಲ.

ಇನ್ನೊಂದು. ಫೋಮ್ ಎತ್ತಿ ಪ್ಲೈವುಡ್ ನೋಡಿದ್ದೀರಾ? ಮೈ ತೇವ ಕೆಳಗೆ ಇಳಿದು ಅಲ್ಲೇ ನಿಂತರೆ ಕಪ್ಪು ಚುಕ್ಕಿ ಬಂದಿರುತ್ತದೆ, ಅದು ಬೂಸ್ಟು. ಹಲಗೆಗೆ ಅಲ್ಲಲ್ಲಿ ಒಂದಿಂಚು ತೂತು ಹೊಡೆಸಿ, ಬೆಳಿಗ್ಗೆ ಹಾಸಿಗೆ ನಿಲ್ಲಿಸಿ ಇಡಿ. ಫ್ಲೋರ್ ಮ್ಯಾಟ್ ಕೆಳಗೆ ನೀರು ನಿಂತರೆ ಶೀಟ್ ತುಕ್ಕು ಹಿಡಿಯುತ್ತದೆ. ಬೆಳಿಗ್ಗೆ ಮೊದಲು ಗ್ಲಾಸ್ ಒರೆಸಿ. ಹೊರಡುವಾಗ ಎಸಿ ಇದ್ದರೆ ಎಸಿ, ಹೀಟರ್ ಎರಡೂ ಹಾಕಿ. ಎಸಿ ನೀರು ತೆಗೆಯುತ್ತದೆ, ಮುಂದಿನ ಗ್ಲಾಸ್ ಬೇಗ ತಿಳಿಯಾಗುತ್ತದೆ.

ನೀಲಗಿರಿ ದಾರಿ

ಊಟಿ ಸುಮಾರು 2240 ಮೀಟರ್ ಎತ್ತರ. ಅಲ್ಲೇ ಹತ್ತಿರದ ತಲೈಕುಂದಾ ಕಡೆ ಹುಲ್ಲಿನ ಮೇಲೆ ಬೆಳ್ಳಗೆ ಹಿಮ ಕೂರುತ್ತದೆ, ಫೋಟೋಗೆ ಚೆಂದ, ಮಲಗೋಕೆ ಅಲ್ಲ. ತಣ್ಣನೆ ಗಾಳಿ ತಗ್ಗಿಗೆ ಇಳಿಯುತ್ತದೆ, ಹಾಗಾಗಿ ಸ್ವಲ್ಪ ಏರಿನಲ್ಲಿರೋ ಹೋಮ್‌ಸ್ಟೇ ಕಾಂಪೌಂಡ್ ಹುಡುಕಿ. ರಸ್ತೆ ಬದಿ ಕಾಡಿನಲ್ಲಿ ನಿಲ್ಲಿಸಿ ಮಲಗಬೇಡಿ, ಆನೆ ಓಡಾಡೋ ಜಾಗ. ಬಂಡೀಪುರ ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್, ನೋಡಿಕೊಂಡು ಹೊರಡಿ. 2024ರಿಂದ ಊಟಿಗೆ ಹೋಗೋ ಗಾಡಿಗಳಿಗೆ ಇ-ಪಾಸ್ (ಆನ್‌ಲೈನ್ ಅನುಮತಿ) ಕೂಡ ಬಂದಿದೆ, ಹೊರಡೋ ಮುಂಚೆ ಚೆಕ್ ಮಾಡಿ.

ಈಕೋ ಸವಾರಿ, ಬನಶಂಕರಿ

ಎಲ್ಲರಿಗೂ ಥ್ಯಾಂಕ್ಸ್. ಗ್ಯಾಸ್ ಹೀಟರ್ ಕ್ಯಾನ್ಸಲ್. ಹಲಗೆ ಎತ್ತಿ ನೋಡಿದೆ, ರಾಯರು ಹೇಳಿದ ಕಪ್ಪು ಚುಕ್ಕಿ ಇದ್ದೇ ಇದೆ. ಫ್ಯಾನ್ ಯಾವ ದಿಕ್ಕಿಗೆ ಹಾಕಬೇಕು, ಒಳಗೆ ಎಳೆಯೋ ಹಾಗಾ, ಹೊರಗೆ ತಳ್ಳೋ ಹಾಗಾ?

ಗ್ಯಾರೇಜ್ ರಾಯರು

ಹೊರಗೆ ತಳ್ಳೋ ಹಾಗೆ, ಹಿಂದಿನ ಗ್ಲಾಸಿಗೆ, ಆದಷ್ಟೂ ಮೇಲೆ. ಒಳಗೆ ಎಳೆದರೆ ತಣ್ಣನೆ ಗಾಳಿ ನೇರ ಮುಖಕ್ಕೆ ಹೊಡೆಯುತ್ತದೆ. ಮೋಟಾರ್ ಹಿಡಿದಿರೋ ಕಡ್ಡಿಗಳು ಇರೋ ಕಡೆಯಿಂದ ಗಾಳಿ ಹೊರಗೆ ಬರುತ್ತದೆ, ಆ ಕಡೆ ಹೊರಕ್ಕೆ ಇರಲಿ. ಸೊಳ್ಳೆ ಪರದೆ ತುಂಡು ಅಂಟಿಸೋದು ಮರೀಬೇಡಿ.