ಕಾದು ಗೆದ್ದರೋ, ಕಾದಿ ಗೆದ್ದರೋ: ‘ರಕ್ಷಣಾತ್ಮಕ ಆಟ’ಕ್ಕೆ ಬೇರೆ ಮಾತುಂಟೆ?

ಮಾನ್ಯರೆ,

ಕೊಡಗಿನ ಸುಂಟಿಕೊಪ್ಪದ ಸುತ್ತಮುತ್ತ ನಡೆಯುವ ಫುಟ್‌ಬಾಲ್ ಪಂದ್ಯಗಳಿಗೆ ಕೆಲವು ವರ್ಷಗಳಿಂದ ಕನ್ನಡದಲ್ಲಿ ವೀಕ್ಷಕ ವಿವರಣೆ ನೀಡುತ್ತಿದ್ದೇನೆ. ಮೈಕು ಹಿಡಿದಾಗಲೆಲ್ಲ ನಾಲಗೆಗೆ ತಾನಾಗಿ ಬರುವ ‘ರಕ್ಷಣಾತ್ಮಕ’ ಮತ್ತು ‘ಆಕ್ರಮಣಕಾರಿ’ ಎಂಬ ಎರಡು ಪದಗಳು ನನ್ನನ್ನು ಬಹುದಿನಗಳಿಂದ ಕಾಡುತ್ತಿರುವುದರಿಂದ ಈ ಪ್ರಶ್ನೆಯನ್ನು ತಮ್ಮ ಮುಂದಿಡುತ್ತಿದ್ದೇನೆ.

ಸಂದೇಹ ಹುಟ್ಟಿದ ಸಂದರ್ಭವನ್ನು ಮೊದಲು ಹೇಳುತ್ತೇನೆ. 2019ರ ಸೆಪ್ಟೆಂಬರ್ 10ರಂದು ದೋಹಾದಲ್ಲಿ, 2022ರ ವಿಶ್ವಕಪ್‌ನ ಅರ್ಹತಾ ಪಂದ್ಯದಲ್ಲಿ, ಅದೇ ವರ್ಷ ಏಷ್ಯನ್ ಕಪ್ ಗೆದ್ದಿದ್ದ ಕತಾರ್ ತಂಡವನ್ನು ಭಾರತ ಗೋಲಿಲ್ಲದ ಸಮಬಲದಲ್ಲಿ ತಡೆದು ನಿಲ್ಲಿಸಿತು. ಅಸ್ವಸ್ಥರಾಗಿದ್ದ ಸುನಿಲ್ ಛೆಟ್ರಿ ಆಡಿರಲಿಲ್ಲ. ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ನಾಯಕರಾಗಿದ್ದರು. ಆ ರಾತ್ರಿ ಪಂದ್ಯವನ್ನು ನಾನು ನೋಡಿದ್ದು ನೆರೆಮನೆಯ ನಿವೃತ್ತ ಸುಬೇದಾರರೊಂದಿಗೆ. ಸೈನ್ಯದ ತಂಡದಲ್ಲಿ ‘ಬ್ಯಾಕ್’, ಅಂದರೆ ಹಿಂದೆ ನಿಂತು ಗೋಲು ಕಾಯುವ ಜಾಗದಲ್ಲಿ, ಆಡಿದವರು ಅವರು. ಪಂದ್ಯ ಮುಗಿದ ಮೇಲೆ ನಾನು, “ಒಳ್ಳೆಯ ರಕ್ಷಣಾತ್ಮಕ ಆಟ” ಎಂದು ಮೆಚ್ಚಿಕೆಯಿಂದಲೇ ಹೇಳಿದೆ. ಅವರಿಗೆ ಬೇಸರವಾಯಿತು. “ಮೇಷ್ಟ್ರೇ, ತೊಂಬತ್ತು ನಿಮಿಷ ಬಿದ್ದು ಎದ್ದು ಚೆಂಡಿಗೆ ಮೈಯೊಡ್ಡಿದ ಹುಡುಗರ ಆಟಕ್ಕೆ ಹೆದರಿದವರ ಹೆಸರು ಇಡಬೇಡಿ” ಎಂದರು. ಅಲ್ಲೇ ಕುಳಿತಿದ್ದ ಅವರ ತಮ್ಮನ ಮಗ ಒಪ್ಪಲಿಲ್ಲ. ಐದು ದಿನಗಳ ಹಿಂದಷ್ಟೇ ಗುವಾಹಟಿಯಲ್ಲಿ ಒಮಾನ್ ವಿರುದ್ಧ ಛೆಟ್ರಿಯವರ ಗೋಲಿನಿಂದ ಮುಂದಿದ್ದ ಭಾರತ, ಕೊನೆಯ ಹತ್ತು ನಿಮಿಷಗಳಲ್ಲಿ ಎರಡು ಗೋಲು ಬಿಟ್ಟುಕೊಟ್ಟು 1-2ರಿಂದ ಸೋತಿತ್ತು. “ದೊಡ್ಡಪ್ಪ, ಅಲ್ಲಿ ಹಿಂದಕ್ಕೆ ಸರಿದದ್ದಕ್ಕೇ ಸೋತದ್ದು. ಅದೂ ರಕ್ಷಣೆಯ ಆಟವೇ ಅಲ್ಲವೇ?” ಎಂಬುದು ಅವನ ವಾದವಾಗಿತ್ತು.

ತಂತ್ರದ ಚರ್ಚೆ ತಡರಾತ್ರಿಯವರೆಗೆ ನಡೆಯಿತು. ನನ್ನ ಮನಸ್ಸು ಮಾತ್ರ ಆ ಪದಕ್ಕೇ ಅಂಟಿಕೊಂಡಿತ್ತು. ಗುವಾಹಟಿಯಲ್ಲಿ ಅವನು ಕಂಡದ್ದು ಹಿಂಜರಿಕೆ, ದೋಹಾದಲ್ಲಿ ಅವರು ಕಂಡದ್ದು ನಿಲುವು. ಇಷ್ಟು ದೂರವಿರುವ ಎರಡು ಸಂಗತಿಗಳಿಗೆ ನಾವು ಒಂದೇ ಪದವನ್ನು ಹಚ್ಚುತ್ತಿದ್ದೇವೆ.

ಈ ಜೋಡಿಯಲ್ಲಿ ಇನ್ನೊಂದು ತೊಡಕೂ ಇದೆ. ದಿನನಿತ್ಯದ ಕನ್ನಡದಲ್ಲಿ ರಕ್ಷಣೆ ಒಳ್ಳೆಯದು, ಆಕ್ರಮಣ ಕೆಟ್ಟದ್ದು. ಆಟದ ವರದಿಗೆ ಬಂದೊಡನೆ ಇದು ತಿರುಗುಮುರುಗಾಗುತ್ತದೆ: ತಂಡವೊಂದು ಆಕ್ರಮಣಕಾರಿ ಆಟವನ್ನು ‘ಪ್ರದರ್ಶಿಸುತ್ತದೆ’, ರಕ್ಷಣಾತ್ಮಕ ಆಟಕ್ಕಾದರೋ ‘ಮೊರೆಹೋಗುತ್ತದೆ’ ಅಥವಾ ‘ಶರಣಾಗುತ್ತದೆ’. ಹೀಗೆ ಹೊಗಳಿಕೆ ತೆಗಳಿಕೆಗಳು ಜೊತೆಗೆ ಬರುವ ಕ್ರಿಯಾಪದದಲ್ಲಿ ಅಡಗಿ ಕುಳಿತಿರುತ್ತವೆ. ಪದಗಳ ಕಟ್ಟಣೆಯೂ ಸಮನಾಗಿಲ್ಲ. ‘-ಆತ್ಮಕ’ ಎಂಬುದು ಒಂದು ವಸ್ತುವಿನ ಸ್ವಭಾವವನ್ನು ಹೇಳಿದರೆ ‘-ಕಾರಿ’ ಎಂಬುದು ಕೆಲಸ ಮಾಡುವವನನ್ನು ತೋರಿಸುತ್ತದೆ. ಒಂದು ಸುಮ್ಮನೆ ಇರುವಂತೆಯೂ ಇನ್ನೊಂದು ಏನನ್ನೋ ಮಾಡುತ್ತಿರುವಂತೆಯೂ ಕೇಳಿಸುವುದಕ್ಕೆ ಇದೂ ಒಂದು ಕಾರಣವಿರಬಹುದೆಂದು ನನಗೆ ತೋರುತ್ತದೆ.

‘ದಾಳಿ’ಯ ಬಗ್ಗೆ ನನಗೆ ಹೆಚ್ಚಿನ ತಕರಾರಿಲ್ಲ. ಕೊಡಗಿನ ತೋಟಗಳಲ್ಲಿ ಆ ಮಾತು ಕೇಳಿದರೆ ಮೊದಲು ನೆನಪಾಗುವುದು ಕಾಡಾನೆಯೇ ಆದರೂ ‘ಪ್ರತಿದಾಳಿ’ ಮೈದಾನದಲ್ಲಿ ಎಲ್ಲರಿಗೂ ತಿಳಿಯುತ್ತದೆ. ಬೇಕಾಗಿರುವುದು ಅದರ ಎದುರಿನ ಮಾತು.

ಇದಕ್ಕೆ ‘ಕಾಯು’ ಎಂಬ ಅಚ್ಚಗನ್ನಡ ಧಾತು ಒದಗಿಬರಬಹುದೆಂಬುದು ನನ್ನ ಎಣಿಕೆ. ಅದಕ್ಕೆ ಕಾಪಾಡು ಎಂಬ ಅರ್ಥವಿದೆ, ಎದುರುನೋಡು ಎಂಬ ಅರ್ಥವಿದೆ, ಬಿಸಿಯಾಗು ಎಂಬ ಅರ್ಥವೂ ಇದೆ. ನಮ್ಮಲ್ಲಿ ಭತ್ತ ತೆನೆಗಟ್ಟಿದ ಮೇಲೆ ಗದ್ದೆ ಕಾಯುವವರನ್ನು ನೋಡಿದವರಿಗೆ ಈ ಅರ್ಥಗಳು ಬೇರೆ ಬೇರೆಯೆಂದು ಅನ್ನಿಸುವುದೇ ಇಲ್ಲ. ಅಟ್ಟಣೆಯ ಮೇಲೆ ಟಾರ್ಚು, ಪಟಾಕಿ ಇಟ್ಟುಕೊಂಡು, ಕೆಳಗೆ ಬೆಂಕಿ ಹಾಕಿಕೊಂಡು ಕುಳಿತವನು ಗದ್ದೆಯನ್ನು ಕಾಯುತ್ತಾನೆ, ಆನೆಗಾಗಿ ಕಾಯುತ್ತಾನೆ, ಬೆಂಕಿಯಲ್ಲಿ ಕೈ ಕಾಯಿಸಿಕೊಳ್ಳುತ್ತಾನೆ. ಕಾಡಂಚಿನಲ್ಲಿ ಬಿದಿರು ಮುರಿದ ಸದ್ದಾದರೆ ಮರುಕ್ಷಣವೇ ಎದ್ದು ನಿಲ್ಲುತ್ತಾನೆ. 2022ರ ವಿಶ್ವಕಪ್‌ನಲ್ಲಿ ಮೊರಾಕ್ಕೊ ಆಡಿದ್ದು ಇಂಥ ಆಟ. ಸ್ಪೇನನ್ನು 120 ನಿಮಿಷ ಗೋಲು ಹೊಡೆಯಲು ಬಿಡದೆ ಪೆನಾಲ್ಟಿಗಳಲ್ಲಿ ಸೋಲಿಸಿ, ಪೋರ್ಚುಗಲ್ಲನ್ನು 1-0ರಿಂದ ಮಣಿಸಿ, ಸೆಮಿಫೈನಲ್ ಮುಟ್ಟಿದ ಮೊದಲ ಆಫ್ರಿಕನ್ ತಂಡವಾದ ಅದು ಅಲ್ಲಿಯವರೆಗೆ ಬಿಟ್ಟುಕೊಟ್ಟದ್ದು ಒಂದೇ ಗೋಲು, ಅದೂ ತನ್ನದೇ ಆಟಗಾರನಿಂದ. ‘ಮೊರಾಕ್ಕೊ ರಕ್ಷಣಾತ್ಮಕವಾಗಿ ಆಡಿತು’ ಎಂಬುದಕ್ಕಿಂತ ‘ಮೊರಾಕ್ಕೊ ಕಾದು ಆಡಿತು’ ಎಂಬುದರಲ್ಲಿ ಆ ಆಟ ಹೆಚ್ಚು ಸರಿಯಾಗಿ ಕಾಣುತ್ತದೆ.

ಪ್ರಶ್ನೆ ಏಳುವುದು ಇಲ್ಲಿಯೇ. ಹೋರಾಡು ಎಂಬ ಅರ್ಥದ ‘ಕಾದು’ ಎಂಬ ಬೇರೆ ಧಾತುವೂ ನಮ್ಮಲ್ಲಿದೆ. ಕಾದಾಟ, ಕಾದಾಡು ಎಂಬ ರೂಪಗಳಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ‘ಕಾದು ಗೆದ್ದರು’ ಎಂದರೆ ಕಾಯ್ದುಕೊಂಡು ಗೆದ್ದರು, ‘ಕಾದಿ ಗೆದ್ದರು’ ಎಂದರೆ ಹೋರಾಡಿ ಗೆದ್ದರು. ಒಂದು ಸ್ವರದ ವ್ಯತ್ಯಾಸದಲ್ಲಿ ಎರಡು ಬಗೆಯ ಆಟಗಳನ್ನು ಹೇಳಿಬಿಡಬಲ್ಲ ಈ ಸೌಕರ್ಯ ನನಗೆ ಬಹಳ ಹಿಡಿಸಿದೆ. ಆದರೆ ಹಳೆಯ ಕಾವ್ಯ ಓದಿದವರಿಗಲ್ಲದೆ ಉಳಿದವರಿಗೆ ‘ಕಾದಿ’ ತಿಳಿಯುವುದೇ ಎಂಬ ಅನುಮಾನವೂ ಇದೆ.

ನಾಮಪದದ ತೊಂದರೆ ಇನ್ನೂ ಬಗೆಹರಿದಿಲ್ಲ. ರಕ್ಷಣೆ ಎಂಬ ಅರ್ಥದ ‘ಕಾಪು’ ಹಿಡಿದು ‘ಕಾಪಿನ ಆಟ’ ಎಂದು ಒಮ್ಮೆ ಮೈಕಿನಲ್ಲಿ ಹೇಳಿ ನೋಡಿದೆ. ಕಾಫಿ ಬೆಳೆಯುವ ಸೀಮೆಯಲ್ಲಿ ಅದು ಬೇರೆಯಾಗಿಯೇ ಕೇಳಿಸಿತು. ‘ಕಾವಲಿನ ಆಟ’ ಸ್ವಲ್ಪ ವಾಸಿ, ಆದರೆ ಪ್ರತಿದಾಳಿಗೆ ಹೊಂಚುವ ಭಾವ ಅದರಲ್ಲಿ ಬರುವುದಿಲ್ಲ. ಇಟಲಿಯವರು ತಮ್ಮ ಹೆಸರಾಂತ ತಡೆಯಾಟವನ್ನು ಕತೆನಾಚ್ಚೊ, ಅಂದರೆ ಬಾಗಿಲ ಅಗುಳಿ, ಎಂದು ಮನೆಮಾತಿನಿಂದಲೇ ಕರೆದುಕೊಂಡರು. ತರಬೇತುದಾರ ಹೆಲೆನಿಯೊ ಹೆರೆರಾ ಅವರ ಇಂಟರ್ ಮಿಲಾನ್ ತಂಡ ಆ ಆಟದಿಂದಲೇ 1964 ಮತ್ತು 1965ರಲ್ಲಿ ಯುರೋಪಿಯನ್ ಕಪ್ ಗೆದ್ದಿತು. ಗೋಲಿನ ಮುಂದೆ ಗುಂಪುಗಟ್ಟಿ ನಿಲ್ಲುವ ಆಟಕ್ಕೆ ನಾವೂ ‘ಅಗುಳಿಯಾಟ’ ಎನ್ನಬಹುದು. ಮೊರಾಕ್ಕೊದ ಆಟಕ್ಕೆ ಅದು ಹೊಂದುವುದಿಲ್ಲ.

ಆಟಗಾರನ ಹೆಸರಿನಲ್ಲೂ ಎಚ್ಚರ ಬೇಕು. ಹಾಕಿಯ ಈ ನಾಡಿನಲ್ಲಿ, ಭಾರತ ತಂಡಕ್ಕೆ ಆಡಿದ ವಿ.ಆರ್. ರಘುನಾಥ್ ಅವರನ್ನು ‘ರಕ್ಷಣಾ ಆಟಗಾರ’ ಎಂದು ಬರೆದಾಗಲೆಲ್ಲ ನನಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಹಿಂದೆ ನಿಂತು ಗೋಲು ಕಾಯ್ದ ಅವರೇ ಪೆನಾಲ್ಟಿ ಕಾರ್ನರ್‌ಗಳಲ್ಲಿ ಮುಂದೆ ಹೋಗಿ ಗೋಲು ಹೊಡೆದವರು. ನಮ್ಮ ಹಳೆಯ ಆಟಗಾರರು ಹೇಳುವ ‘ಬ್ಯಾಕ್’ ನಿಲ್ಲುವ ಜಾಗವನ್ನಷ್ಟೇ ಹೇಳಿ ಸುಮ್ಮನಾಗುವುದರಿಂದ ಅದನ್ನೇ ಉಳಿಸಿಕೊಳ್ಳುವುದು ಲೇಸೆಂದು ನನ್ನ ಅಭಿಪ್ರಾಯ.

ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಹೋರಾಡಿ ಎಂಬ ಅರ್ಥದ ‘ಕಾದಿ’ ತಮ್ಮ ಊರಿನ ಆಡುಮಾತಿನಲ್ಲಿ ಎಲ್ಲಾದರೂ ಉಳಿದಿದೆಯೇ? ‘ಕಾದು ಆಡಿದರು’ ಎಂದು ಮೈಕಿನಲ್ಲಿ ಕೇಳಿದವರಿಗೆ ಚೆಂಡಿಗಾಗಿ ಸುಮ್ಮನೆ ನಿಂತರು ಎಂಬ ಅರ್ಥ ಬರುತ್ತದೆಯೇ, ಗೋಲನ್ನು ಕಾಯ್ದರು ಎಂಬ ಅರ್ಥ ಬರುತ್ತದೆಯೇ? ಕಬಡ್ಡಿ, ಕುಸ್ತಿಗಳಲ್ಲಿ ಎದುರಾಳಿಯನ್ನು ಬರಗೊಟ್ಟು ಹಿಡಿಯುವ ಪಟ್ಟಿಗೆ ತಮ್ಮ ಕಡೆ ಬೇರೆ ಹೆಸರಿದ್ದರೆ ಅದನ್ನೂ ದಯವಿಟ್ಟು ತಿಳಿಸಬೇಕು.