ಬೇರೆ ರಾಜ್ಯದ ಕ್ಯಾರಿ ಪರ್ಮಿಟ್ (ಗನ್ ಹಿಡಿದು ಓಡಾಡುವ ಅನುಮತಿ): ಯೂಟಾನಾ, ಫ್ಲೋರಿಡಾನಾ? ಅನುಭವ ಇದ್ದವರು ಹೇಳಿ

ಕೇಳಿದವರು, ಕೊಲಂಬಸ್‌ನಿಂದ:
ಎಲ್ಲರಿಗೂ ನಮಸ್ಕಾರ. ನನಗೆ ಗ್ರೀನ್ ಕಾರ್ಡ್ ಇದೆ. ಓಹಾಯೋದಲ್ಲಿ 2022ರಿಂದ ಪರ್ಮಿಟ್ ಇಲ್ಲದೆಯೇ ಪಿಸ್ತೂಲು ಒಳಗಿಟ್ಟುಕೊಂಡು ಓಡಾಡಬಹುದು, ಹಾಗಾಗಿ ಇಲ್ಲಿನ ಲೈಸೆನ್ಸ್ ಮಾಡಿಸಿಲ್ಲ. ತಂಗಿ ಮನೆ ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಪೆನ್ಸಿಲ್ವೇನಿಯಾ ದಾಟಿ ರಾತ್ರಿ ಹೊತ್ತು ಕಾರಲ್ಲಿ ಹೋಗುತ್ತಿರುತ್ತೇವೆ. ಯೂಟಾ ಅಥವಾ ಫ್ಲೋರಿಡಾದ ನಾನ್‌ರೆಸಿಡೆಂಟ್ ಪರ್ಮಿಟ್, ಅಂದರೆ ಆ ರಾಜ್ಯದಲ್ಲಿ ವಾಸ ಇಲ್ಲದವರಿಗೆ ಕೊಡುವುದು, ತಗೊಂಡರೆ ದಾರಿಯುದ್ದಕ್ಕೂ ನಡೆಯುತ್ತಾ? ಖರ್ಚು ಎಷ್ಟು ಬರುತ್ತೆ?

ಸಿನ್ಸಿನಾಟಿಯಿಂದ:
ಯೂಟಾ ನನ್ನ ಹತ್ತಿರ ಇದೆ, ಕೇಳಿ. ನಮ್ಮದು ಸಣ್ಣ ಹೋಟೆಲ್ಲು, ರಾತ್ರಿ ಗಲ್ಲಾ ಮುಚ್ಚಿ ದುಡ್ಡು ಹಿಡಿದು ಹೊರಡುವವನು ನಾನೇ. ಕ್ಲಾಸಿಗೆ 125 ಡಾಲರ್ ಕೊಟ್ಟೆ. ಪಾಠ ಮುಗಿದ ಮೇಲೆ ಆ ಇನ್‌ಸ್ಟ್ರಕ್ಟರ್ ನಿಧಾನಕ್ಕೆ ಹೇಳಿದರು: ನಿಮ್ಮ ರಾಜ್ಯ ಯೂಟಾ ಪರ್ಮಿಟ್ ಒಪ್ಪುವುದಾದರೆ ಮೊದಲು ನಿಮ್ಮ ರಾಜ್ಯದ್ದೇ ಪರ್ಮಿಟ್ ಇರಬೇಕು, 2011ರಲ್ಲಿ ಬಂದ ನಿಯಮ ಅಂತ. ದುಡ್ಡು ತಗೊಳ್ಳುವಾಗ ಇದು ಬಾಯಿಗೆ ಬರಲಿಲ್ಲ! ಓಹಾಯೋ ಲೈಸೆನ್ಸಿಗೆ ಮತ್ತೆ ಎಂಟು ಗಂಟೆಯ ಕ್ಲಾಸು, ಅದಕ್ಕೆ 110. ಶೆರಿಫ್ ಆಫೀಸಲ್ಲಿ ಫೀಸು 67. ಪಾಸ್‌ಪೋರ್ಟ್ ಸೈಜಿನ ಫೋಟೋ 17. ಬೆರಳಚ್ಚು 30.

ಆಮೇಲೆ ಬೆರಳಚ್ಚೇ ವಾಪಸ್ ಬಂತು, ಓದಲಾಗುವುದಿಲ್ಲ ಅಂತ. ದಿನವಿಡೀ ಬಿಸಿನೀರು, ಬ್ಲೀಚು, ಪಾತ್ರೆ ಉಜ್ಜುವ ಕೈ ಇದು. ಹೆಬ್ಬೆರಳಲ್ಲಿ ಗೆರೆಯೇ ಉಳಿದಿರಲಿಲ್ಲ. ಎರಡನೇ ಸಲ ಅಲ್ಲಿದ್ದ ಹೆಂಗಸು ಬೆರಳನ್ನು ಒರೆಸಿ, ಲೋಷನ್ ಹಚ್ಚಿ, ಬಿಟ್ಟು, ಮತ್ತೆ ಒರೆಸಿ, ಉಗುರಿನ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಮೆತ್ತಗೆ ಉರುಳಿಸಿದರು. ಆಗ ಬಂತು. ಅದಕ್ಕೆ ಇನ್ನೊಂದು 30. ಹೋಗುವ ವಾರ ಪೂರ್ತಿ ಗ್ಲೌಸ್ ಹಾಕಿಕೊಂಡೇ ಕೆಲಸ ಮಾಡಿ, ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ. ಇಷ್ಟಾದರೂ ಮಾಡಿಸಿದ್ದು ಒಳ್ಳೆಯದೇ ಆಯ್ತು ಅಂತಲೇ ಹೇಳುತ್ತೇನೆ. ಐದು ವರ್ಷ ನಡೆಯುತ್ತೆ.

ಸಿಯಾಟಲ್‌ನಿಂದ:
ಯೂಟಾ, ಫ್ಲೋರಿಡಾ ಅಂತ ಎಲ್ಲರೂ ಕೂಗುತ್ತೀರಿ, ಅರಿಜೋನಾ ಮಾತೇ ಇಲ್ಲ. ನಮ್ಮ ವಾಷಿಂಗ್ಟನ್ ರಾಜ್ಯದ ಪರ್ಮಿಟ್‌ಗೆ ಟ್ರೇನಿಂಗ್ ಕೇಳುವುದಿಲ್ಲ, ಅದಕ್ಕೇ ಬಹಳ ರಾಜ್ಯಗಳು ಅದನ್ನು ಒಪ್ಪುವುದಿಲ್ಲ. ಅರಿಜೋನಾದ್ದು 60 ಡಾಲರ್, ಐದು ವರ್ಷ. ಗ್ರೀನ್ ಕಾರ್ಡ್ ಸಾಕು ಅಂದರು ಕ್ಲಾಸಿನವರು. ನಂಬಿ ಕಳಿಸಿದೆ, ಆಗಲ್ಲ ಅಂತ ಉತ್ತರ ಬಂತು. ಕಾನೂನಲ್ಲಿ ಸ್ಪಷ್ಟವಾಗಿ ಇದೆ: ಅರಿಜೋನಾ ನಿವಾಸಿ ಆಗಿರಬೇಕು, ಇಲ್ಲಾ ಅಮೆರಿಕದ ಪೌರ ಆಗಿರಬೇಕು. ಬರೀ ಗ್ರೀನ್ ಕಾರ್ಡ್ ಇಟ್ಟುಕೊಂಡು ಹೊರಗಿನವರು ಅರ್ಜಿ ಹಾಕುವ ಹಾಗೇ ಇಲ್ಲ. ಕ್ಲಾಸಿನವರು ಕಾಸು ವಾಪಸ್ ಕೊಡಲಿಲ್ಲ, ಫೋನೂ ಎತ್ತಲಿಲ್ಲ. ಪೌರತ್ವದ ಅರ್ಜಿಗೆ ಆಗ 725 ಡಾಲರ್ ಕಟ್ಟಿ, ಪ್ರಮಾಣವಚನ ಮುಗಿಸಿ, ಆಮೇಲೆ ಪರ್ಮಿಟ್ ತಗೊಂಡೆ. ಈಗ ನೋಡಿದರೂ ಹೊಟ್ಟೆ ಉರಿಯುತ್ತೆ.

ಎಡಿಸನ್‌ನಿಂದ:
ಯಾರಾದರೂ ಮುಖ್ಯ ವಿಷಯ ಹೇಳುತ್ತೀರಾ? ನ್ಯೂಜೆರ್ಸಿ ಹೊರಗಿನ ಯಾವ ಪರ್ಮಿಟ್ಟೂ ಒಪ್ಪಲ್ಲ. ಯಾವುದನ್ನೂ ಅಲ್ಲ. ಶನೀನ್ ಆಲೆನ್ ಕೇಸು ನೆನಪಿಲ್ವಾ? ಫಿಲಡೆಲ್ಫಿಯಾದ ತಾಯಿ, ಪೆನ್ಸಿಲ್ವೇನಿಯಾದ ಪಕ್ಕಾ ಪರ್ಮಿಟ್ ಇತ್ತು. 2013ರಲ್ಲಿ ಇಲ್ಲಿ ಕಾರು ನಿಲ್ಲಿಸಿದಾಗ ಗನ್ ಇದೆ ಅಂತ ತಾನೇ ಪೊಲೀಸರಿಗೆ ಹೇಳಿದಳು. ಜೈಲಿಗೆ ಹಾಕಿದರು, ವರ್ಷಗಟ್ಟಲೆ ಶಿಕ್ಷೆ ತಲೆ ಮೇಲೆ ತೂಗುತ್ತಿತ್ತು. ಕೊನೆಗೆ 2015ರಲ್ಲಿ ಗವರ್ನರ್ ಕ್ರಿಸ್ಟಿ ಕ್ಷಮೆ ಕೊಟ್ಟರು. ಅವಳು ಅಮೆರಿಕದವಳು. ಗ್ರೀನ್ ಕಾರ್ಡಿನವರಿಗೆ ಗನ್ ಕೇಸಲ್ಲಿ ಶಿಕ್ಷೆಯಾದರೆ ದೇಶದಿಂದಲೇ ಹೊರಗೆ ಹಾಕಬಹುದು. ಇದನ್ನು ತಮಾಷೆ ಅಂದುಕೊಳ್ಳಬೇಡಿ.

ಪರ್ಮಿಟ್ ಕೊಡಲು ವಿಶೇಷ ಕಾರಣ ಕೇಳಬಾರದು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಬ್ರೂಯನ್ ತೀರ್ಪು ಬಂದ ಮೇಲೆ ನಾನು ಇಲ್ಲಿನದೇ ತಗೊಂಡೆ. ಫೀಸು 200 ಡಾಲರ್, ಎರಡೇ ವರ್ಷ ಬಾಳುತ್ತೆ. ಶೂಟಿಂಗ್ ಪರೀಕ್ಷೆಗೆ ಇನ್ನೊಂದು 175, ಗುಂಡಿನ ಡಬ್ಬಿ ಬೇರೆ. ನಾಲ್ಕು ಜನ ನನ್ನ ನಡತೆ ಬಗ್ಗೆ ಬರೆದುಕೊಡಬೇಕು. ಕನ್ನಡ ಕೂಟದ ಸ್ನೇಹಿತರನ್ನು ಕೇಳಿದೆ. ಒಬ್ಬರು ಹೂಂ ಅಂದು, ಉತ್ತರ ಕಳಿಸದೆ ವಾರಗಟ್ಟಲೆ ಸತಾಯಿಸಿದರು. ಅಷ್ಟರಲ್ಲಿ ದಸರಾ ಊಟದ ಸಾಲಲ್ಲಿ ಎಲ್ಲರಿಗೂ ಸುದ್ದಿ. ಮಕ್ಕಳನ್ನು ನಮ್ಮ ಮನೆಗೆ ಆಡಲು ಕಳಿಸುವುದನ್ನೇ ಒಂದು ಮನೆಯವರು ನಿಲ್ಲಿಸಿದರು. ಆ ನೋವು 200 ಡಾಲರಿಗಿಂತ ಜಾಸ್ತಿ.

ಸಿನ್ಸಿನಾಟಿಯಿಂದ:
ಎಡಿಸನ್ ಸರ್, ಜನರನ್ನು ಹೆದರಿಸುವುದು ಬಿಡಿ. ಗನ್ ಇಟ್ಟುಕೊಂಡು ರಾಜ್ಯ ದಾಟಿ ಹೋಗುವವರಿಗೆ 1986ರ ಫೆಡರಲ್ ಕಾನೂನಿನ ರಕ್ಷಣೆ ಇದೆ. ಗುಂಡು ತೆಗೆದು ಗ್ಲೋವ್ ಬಾಕ್ಸಿಗೆ ಬೀಗ ಹಾಕಿದರೆ ಆಯ್ತು.

ಪಿಟ್ಸ್‌ಬರ್ಗ್‌ನಿಂದ:
ಆಯ್ತು ಅಲ್ಲ ರೀ! ಗ್ಲೋವ್ ಬಾಕ್ಸ್, ಮಧ್ಯದ ಕನ್ಸೋಲ್ ಎರಡೂ ಆಗಲ್ಲ ಅಂತ ಅದೇ ಕಾನೂನಲ್ಲಿ ಬರೆದಿದೆ. ಡಿಕ್ಕಿಯಲ್ಲಿಡಿ. ಡಿಕ್ಕಿ ಬೇರೆ ಇಲ್ಲದ ಗಾಡಿಯಾದರೆ ಬೀಗ ಹಾಕಿದ ಪೆಟ್ಟಿಗೆ ಬೇಕು. ಅದೂ ಹೊರಡುವ ಜಾಗ, ತಲುಪುವ ಜಾಗ ಎರಡರಲ್ಲೂ ನಿಮಗೆ ಗನ್ ಇಟ್ಟುಕೊಳ್ಳುವ, ಜೊತೆಗೆ ಒಯ್ಯುವ ಹಕ್ಕು ಇದ್ದರೆ ಮಾತ್ರ.

ನಾನು ಫಾರ್ಮಸಿಸ್ಟ್, ರಾತ್ರಿ ಪಾಳಿ. ಪೆನ್ಸಿಲ್ವೇನಿಯಾ ಪರ್ಮಿಟ್ ನಮ್ಮ ಕೌಂಟಿಯಲ್ಲಿ 20 ಡಾಲರಿಗೆ ಆಯ್ತು, ಕ್ಲಾಸೂ ಬೇಡ. ಫ್ಲೋರಿಡಾದ್ದೂ ಇದೆ, ಏಳು ವರ್ಷದ್ದು, ಊರೂರು ತಿರುಗುತ್ತೇನೆ ಅಂತ ತಗೊಂಡೆ. ಆದರೆ ಒಂದು ತಿಳಿದುಕೊಳ್ಳಿ: ಪೆನ್ಸಿಲ್ವೇನಿಯಾ ಯೂಟಾ, ಫ್ಲೋರಿಡಾ ಪರ್ಮಿಟ್‌ಗಳನ್ನು ಆಯಾ ರಾಜ್ಯದ ನಿವಾಸಿಗಳಿಗೆ ಮಾತ್ರ ಒಪ್ಪುತ್ತೆ. ಓಹಾಯೋದವರಿಗೆ ಓಹಾಯೋ ಲೈಸೆನ್ಸೇ ನಡೆಯುವುದು. ಇನ್ನು ಶಾಲೆಯಿಂದ 1000 ಅಡಿ ಒಳಗೆ ಗನ್ ಒಯ್ಯಬಾರದು ಅಂತ ಫೆಡರಲ್ ಕಾನೂನು ಇದೆ, ಪರ್ಮಿಟ್ ಇದ್ದವರಿಗೆ ವಿನಾಯಿತಿ ಸಿಗುವುದು ಆ ಶಾಲೆ ಇರುವ ರಾಜ್ಯವೇ ಕೊಟ್ಟ ಪರ್ಮಿಟ್‌ಗೆ. ಹೆದ್ದಾರಿ ಬಿಟ್ಟು ಊರೊಳಗೆ ಹೋದರೆ ಶಾಲೆ ಇಲ್ಲದ ರಸ್ತೆ ಎಲ್ಲಿದೆ?

ಡಲ್ಲಾಸ್‌ನಿಂದ:
ನಾನು ಮಡಿಕೇರಿ ಕಡೆಯವನು. ನಮ್ಮಲ್ಲಿ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಕೋವಿ ಒರೆಸಿ, ನಳಿಗೆಗೆ ತೋಕ್‌ಪೂ ಅನ್ನುವ ಹೂ ಸಿಕ್ಕಿಸಿ ಪೂಜೆ ಮಾಡುತ್ತೇವೆ. ಅಪ್ಪ ಮೊದಲು ಕಲಿಸಿದ್ದು ಗುಂಡು ಹೊಡೆಯುವುದನ್ನಲ್ಲ, ಖಾಲಿ ಕೋವಿಯನ್ನೂ ಯಾರ ಕಡೆಗೂ ತಿರುಗಿಸಬಾರದು ಅನ್ನುವುದನ್ನು. ಯೂಟಾದವರು ಒಂದು ಗುಂಡೂ ಹೊಡೆಸದೆ, ರೂಮಲ್ಲಿ ಕೂರಿಸಿ ಸರ್ಟಿಫಿಕೇಟ್ ಕೊಡುವುದು ನನಗೆ ಸರಿ ಕಾಣಲ್ಲ. ಟೆಕ್ಸಾಸ್ ಫೀಸು 40 ಡಾಲರ್, ಟಾರ್ಗೆಟ್‌ಗೆ ಹೊಡೆದು ತೋರಿಸಲೇಬೇಕು. 2021ರಿಂದ ಇಲ್ಲೂ ಪರ್ಮಿಟ್ ಕಡ್ಡಾಯ ಅಲ್ಲ. ಆದರೂ ನಾನು ರಿನ್ಯೂ ಮಾಡಿಸುತ್ತೇನೆ.

ಸಿನ್ಸಿನಾಟಿಯಿಂದ:
ಓಹಾಯೋ ಕ್ಲಾಸಲ್ಲಿ ರೇಂಜಿಗೆ ಹೋಗಿ ಹೊಡೆದಿದ್ದೇನೆ. ನನ್ನ ಪೋಸ್ಟ್ ಪೂರ್ತಿ ಓದಿ ಮಾತಾಡಿ. ಕೊಡಗಿನಲ್ಲಿ ಹುಟ್ಟಿದವರಿಗೆ ಮಾತ್ರ ಗನ್ ಹಿಡಿಯಲು ಬರುತ್ತೆ ಅಂತನಾ?

ಡಲ್ಲಾಸ್‌ನಿಂದ:
ಹಾಗೆ ಎಲ್ಲಿ ಅಂದೆ? ಗ್ಲೋವ್ ಬಾಕ್ಸಲ್ಲಿಡಿ ಅಂತ ಗ್ರೀನ್ ಕಾರ್ಡಿನವರಿಗೆ ಸಲಹೆ ಕೊಟ್ಟವರು ನೀವು. ಅದನ್ನು ಮೊದಲು ವಾಪಸ್ ತಗೊಳ್ಳಿ.

ಸ್ಯಾನ್ ಹೋಸೆಯಿಂದ:
ಮಧ್ಯೆ ಬಂದೆ, ಬೇಜಾರಾಗಬೇಡಿ. ಎಚ್‌-1ಬಿ ಕೆಲಸದ ವೀಸಾದಲ್ಲಿರುವವರು ಪರ್ಮಿಟ್‌ಗೆ ಅರ್ಜಿ ಹಾಕಬಹುದಾ?

ಪಿಟ್ಸ್‌ಬರ್ಗ್‌ನಿಂದ:
ಬೇಡ. ಆ ವೀಸಾದಲ್ಲಿ ಗನ್ ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ. ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಆದರೆ ಅದನ್ನು ನೆಚ್ಚಿಕೊಂಡು ಹೊರಡುವ ಮೊದಲು ವಕೀಲರನ್ನು ಕಾಣಿ.

ಎಡಿಸನ್‌ನಿಂದ:
ಕೊಲಂಬಸ್‌ನವರೇ, ಇನ್ನೂ ಇದ್ದೀರಾ? ತಂಗಿ ಮನೆಗೆ ಬರುವಾಗ ಗನ್ ಓಹಾಯೋದಲ್ಲೇ ಬಿಟ್ಟು ಬನ್ನಿ. ಹಾಲೋ ಪಾಯಿಂಟ್ ಗುಂಡು ಹಿಡಿದು ಓಡಾಡುವುದಕ್ಕೂ, 10ಕ್ಕಿಂತ ಜಾಸ್ತಿ ಗುಂಡಿನ ಮ್ಯಾಗಜೀನ್‌ಗೂ ಇಲ್ಲಿ ಬೇರೆ ಕೇಸು ಬೀಳುತ್ತೆ.

ಸಿನ್ಸಿನಾಟಿಯಿಂದ:
ಗ್ಲೋವ್ ಬಾಕ್ಸ್ ಮಾತು ವಾಪಸ್ ತಗೊಂಡಿದ್ದೇನೆ. ಕೊಡಗಿನ ಮಾತು ವಾಪಸ್ ತಗೊಳ್ಳಲ್ಲ.