ಕೆರೆಗಿಳಿದು ಗಾಳ ಹಾಕಲು ವೇಡರ್ ಬೇಕೇ? ಅನುಭವಿಗಳು ತಿಳಿಸಬೇಕಾಗಿ ವಿನಂತಿ

ಪಡುಕೆರೆಯವ: ಮಲ್ಪೆ, ಪಡುಕೆರೆಯ ಮರಳದಂಡೆಯಲ್ಲಿ ಅಲೆಗಳಾಚೆ ಗಾಳ ಎಸೆಯುವ 12 ಅಡಿಯ ಸರ್ಫ್ ರಾಡ್ ಹಿಡಿದು ಕಾಣೆ, ಕೊಡ್ಡಾಯಿ ಮೀನುಗಳಿಗೆ ಗಾಳ ಹಾಕುವುದು ನನ್ನ ರೂಢಿ. ಮಳೆಗಾಲದಲ್ಲಿ ಕಡಲು ಹತ್ತಿರ ಸೇರಿಸುವುದಿಲ್ಲವಾದ್ದರಿಂದ, ಈ ಸಲ ಸೊಂಟಮಟ್ಟದ ನೀರಿರುವ ಕೆರೆಗಳಲ್ಲಿ ಇಳಿದು ನಿಂತು ಮಡೆಂಜಿ ಮೀನು ಹಿಡಿಯಬೇಕೆಂದಿದ್ದೇನೆ. ಇದೇ ರಾಡ್ ಸಾಕೇ? ಎದೆಮಟ್ಟದವರೆಗೆ ನೀರು ತಾಗದಂತೆ ಬೂಟಿನ ಸಮೇತ ತೊಡುವ ವೇಡರ್ ಕೊಳ್ಳುವುದು ಸೂಕ್ತವೇ?

ಕಾರ್ಕಳದ ಹಳೇ ಗಾಳ: ವೇಡರಿಗೆ ನಾನು ತೆತ್ತ ಲೆಕ್ಕವನ್ನು ಕೇಳಿ, ಆಮೇಲೆ ನಿರ್ಧರಿಸಿ. ಆನ್‌ಲೈನಿನಲ್ಲಿ ತರಿಸಿದ ಪಿವಿಸಿ ವೇಡರಿಗೆ 5,400 ರೂಪಾಯಿ; ಬೂಟಿನ ಅಳತೆ ತಪ್ಪಾಗಿ ಬಂದದ್ದನ್ನು ಹಿಂದಿರುಗಿಸಲು ಕೊರಿಯರಿಗೆ 380; ದಂಡೆಯ ಕೇದಗೆಯ ಮುಳ್ಳು ಮೊಣಕಾಲಿನ ಬಳಿ ಸೀಳಿದಾಗ ಪಂಕ್ಚರ್ ಅಂಗಡಿಯಲ್ಲಿ ಅಂಟು ಹಾಕಿಸಿದ್ದಕ್ಕೆ 150; ಆ ಅಂಟೂ ಬಿಟ್ಟ ಮೇಲೆ ಮತ್ತೆ 200. ಚಳಿದೇಶದ ತಣ್ಣೀರಿನಲ್ಲಿ ಮೈ ಮರಗಟ್ಟದಿರಲೆಂದು ಮಾಡಿದ ಉಡುಪನ್ನು ನಮ್ಮ ಜೂನ್ ತಿಂಗಳ ಸೆಕೆಯಲ್ಲಿ ತೊಟ್ಟರೆ, ಹೊರಗಿನ ಕೆರೆಗಿಂತ ಒಳಗಿನ ಬೆವರಿನಲ್ಲೇ ಹೆಚ್ಚು ನೆನೆಯಬೇಕಾಗುತ್ತದೆ. ಹಳೆಯ ಪ್ಯಾಂಟು, ಕ್ಯಾನ್ವಾಸ್ ಶೂ ಧಾರಾಳ ಸಾಕು.

ಗುರುಪುರ ತೀರ: ಕ್ಯಾನ್ವಾಸ್ ಶೂ ಸಾಕೆಂದು ಉಪದೇಶಿಸುವವರು ನನ್ನ ಆಸ್ಪತ್ರೆಯ ಬಿಲ್ಲನ್ನೊಮ್ಮೆ ನೋಡಲಿ. ಹಿಮ್ಮಡಿ ಒಡೆದಿದ್ದ ಕಾಲಿನಲ್ಲಿ ನಿಂತ ನೀರಿಗಿಳಿದ ಮುಂದಿನ ವಾರವೇ ಚಳಿಜ್ವರ, ಮೀನಖಂಡದಲ್ಲಿ ಸಹಿಸಲಾಗದ ನೋವು, ಕೆಂಪಾದ ಕಣ್ಣು. ಪರೀಕ್ಷೆಯಲ್ಲಿ ಇಲಿಜ್ವರವೆಂದು ತಿಳಿಯಿತು. ಕೋಣೆಗೆ 18,000, ಪರೀಕ್ಷೆಗಳಿಗೆ 9,650, ಔಷಧಿಗೆ 7,200, ಜೊತೆಗೆ ನಿಂತುಹೋದ ಸಂಬಳ. ಇಲಿಯ ಮೂತ್ರ ಬೆರೆತ ನೀರು ಚರ್ಮದ ಬಿರುಕಿನಿಂದ ಒಳಹೊಕ್ಕರೆ ಸಾಕು, ರೋಗ ಹತ್ತುತ್ತದೆ. ಕರಾವಳಿಯ ಮಳೆಗಾಲಕ್ಕೆ ಇದು ಹೊಸದೇನಲ್ಲ. ಈಗ 7,800 ರೂಪಾಯಿಯ ವೇಡರಿಲ್ಲದೆ ನಾನು ನೀರಿಗಿಳಿಯುವುದಿಲ್ಲ, ಇದಕ್ಕೆ ನಗುವವರು ನಗಲಿ.

ಉದ್ಯಾವರ ಹೊಳೆಬದಿ: ವೇಡರಿನೊಳಗೆ ನೀರು ತುಂಬಿದರೆ ಮನುಷ್ಯನನ್ನು ಕೆಳಕ್ಕೆಳೆಯುತ್ತದೆ ಎಂಬುದನ್ನು ಇಬ್ಬರೂ ಹೇಳದಿರುವುದು ಬೇಜವಾಬ್ದಾರಿ.

ಗುರುಪುರ ತೀರ: ಒಳಗಿನ ನೀರಿಗೂ ಹೊರಗಿನ ನೀರಿಗೂ ತೂಕ ಒಂದೇ ಆಗಿರುವಾಗ ಅದು ಕೆಳಕ್ಕೆಳೆಯುವುದಾದರೂ ಹೇಗೆ, ಸ್ವಾಮಿ? ದಂಡೆ ಹತ್ತುವಾಗ ಭಾರವಾಗುವುದು, ಹರಿವ ನೀರಿನಲ್ಲಿ ಸೆಳೆತಕ್ಕೆ ಸಿಕ್ಕುವುದು ನಿಜವಾದ ತೊಂದರೆ. ಸೊಂಟಕ್ಕೆ ಬೆಲ್ಟ್ ಬಿಗಿಯುವುದು ನೀರು ಒಳಗೆ ನುಗ್ಗದಿರಲೆಂದೇ.

ಕಾರ್ಕಳದ ಹಳೇ ಗಾಳ: ಪುಸ್ತಕದ ಲೆಕ್ಕ ಕೆಸರಿಗೆ ಅನ್ವಯಿಸುವುದಿಲ್ಲ. ಮರಳಿನಲ್ಲಿ ನಿಂತು ಅಭ್ಯಾಸವಾದವರಿಗೆ ಕೆರೆಯ ಹೂಳು ಮೊಣಕಾಲಿನವರೆಗೆ ಹಿಡಿದುಕೊಂಡಾಗ ಮಾತ್ರ ಅದರ ಗುಣ ತಿಳಿಯುತ್ತದೆ; ಕಾಲು ಹಿಂದಕ್ಕೆ ಬರುತ್ತದೆ, ಬೂಟು ಬರುವುದಿಲ್ಲ. ಇನ್ನು ಕೆಂಪುಕಲ್ಲು ಕಡಿದ ಕೋರೆಗಳಲ್ಲಿ ನಿಂತ ನೀರನ್ನು ಕೆರೆಯೆಂದು ನಂಬಿ ಇಳಿಯಲೇಬೇಡಿ. ಅಲ್ಲಿ ಇಳಿಜಾರೆಂಬುದಿಲ್ಲ, ಒಂದು ಹೆಜ್ಜೆ ಮೊಣಕಾಲಿನಷ್ಟಾದರೆ ಮುಂದಿನ ಹೆಜ್ಜೆ ಆಳು ಮುಳುಗುವಷ್ಟು.

ಕಾವೂರು ಗಾಳ: ಎಲ್ಲರೂ ಬಟ್ಟೆಯ ಚರ್ಚೆಯಲ್ಲಿದ್ದೀರಿ, ನೀರಿಗೆ ಇಳಿಯಬೇಕೇ ಎಂಬುದೇ ಮೊದಲ ಪ್ರಶ್ನೆ. ಅಮೆರಿಕದ ಮಹಾಸರೋವರಗಳಲ್ಲಿ ಗಾಳಿಯೇ ಅಲೆ ಎಬ್ಬಿಸುವುದರಿಂದ ಸಿಹಿನೀರಿನಲ್ಲೂ ದಂಡೆಯಿಂದ ಉದ್ದದ ರಾಡ್ ಬೀಸುತ್ತಾರೆ. ನಮ್ಮ ಕೆರೆಯಲ್ಲಿ ದಾಟಿಸಬೇಕಾದ ಅಲೆಯೆಲ್ಲಿದೆ? ಮಡೆಂಜಿ ಕಾದು ಕೂರುವುದು ದಂಡೆಯ ಹುಲ್ಲು, ತಾವರೆ ಎಲೆಯ ಕೆಳಗೆ. ನೀವು ಇಳಿದಿರೆಂದರೆ ಮೀನಿನ ತಲೆಯ ಮೇಲೆಯೇ ನಡೆದಿರೆಂದರ್ಥ. 80 ಗ್ರಾಂ ಸೀಸ ಎಸೆಯಲು ಮಾಡಿದ ರಾಡು ಗಾಳಕ್ಕೆ ಎರೆಯಾಗಿ ಕಟ್ಟುವ 12 ಗ್ರಾಂ ರಬ್ಬರ್ ಕಪ್ಪೆಗೆ ಬಾಗುವುದೇ ಇಲ್ಲ. ನಾನು ನನ್ನ ಸರ್ಫ್ ರಾಡನ್ನೂ 11,500ಕ್ಕೆ ಕೊಂಡ ರೀಲನ್ನೂ ಬರೀ 4,000ಕ್ಕೆ ಮಾರಿ 7 ಅಡಿಯ ರಾಡ್ ತೆಗೆದುಕೊಂಡೆ, ದಂಡೆಯ ಮೇಲೆಯೇ ನಿಲ್ಲುತ್ತೇನೆ. ಆ ನಷ್ಟ ಇಂದಿಗೂ ಉರಿಯುತ್ತದೆ.

ಉದ್ಯಾವರ ಹೊಳೆಬದಿ: ಮಳೆಗಾಲದಲ್ಲಿ ಮಡೆಂಜಿ ಮರಿಗಳ ಗುಂಪನ್ನು ಕಾಯುತ್ತಿರುತ್ತದೆ. ಆ ತಾಯಿತಂದೆಯ ಮುಂದೆ ಕಪ್ಪೆ ಎಳೆದು ಕೆರಳಿಸಿ ಹಿಡಿಯುವುದು ಯಾವ ಪೌರುಷ? ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಕಡಲೇ ನಿಷಿದ್ಧ. ಕೆರೆಯ ಮೀನಿಗೆ ಆ ಕರುಣೆಯೂ ಇಲ್ಲ.

ಕಾರ್ಕಳದ ಹಳೇ ಗಾಳ: ಮೊದಲ ಮಳೆಗೆ ಗದ್ದೆಗೆ ಹತ್ತಿ ಬರುವ ಉಬರ್ ಮೀನನ್ನು ನಮ್ಮ ಅಜ್ಜಂದಿರು ಹಿಡಿದೇ ಬದುಕಿದರು, ಮೀನು ಮುಗಿಯಲಿಲ್ಲ. ಗದ್ದೆಗಳನ್ನು ಮಣ್ಣು ತುಂಬಿಸಿ ನಿವೇಶನ ಮಾಡಿದವರನ್ನು ಮೊದಲು ಪ್ರಶ್ನಿಸಿ.

ಉದ್ಯಾವರ ಹೊಳೆಬದಿ: ಅಜ್ಜಂದಿರು ಕೂಳಿ (ಮೀನು ಹಿಡಿಯುವ ಬುಟ್ಟಿ) ಇಟ್ಟು ಮನೆಗೆ ಬೇಕಾದಷ್ಟು ತಂದರು, ಬ್ಯಾಟರಿಯ ಕರೆಂಟು ಕೊಟ್ಟು ಮರಿಮೊಟ್ಟೆ ಸಮೇತ ಬಾಚಲಿಲ್ಲ.

ಕಾರ್ಕಳದ ಹಳೇ ಗಾಳ: ಗಾಳದವನಿಗೆ ಕರೆಂಟಿನ ಆರೋಪ ಹೊರಿಸುತ್ತಿದ್ದೀರಾ? ಮಾತನ್ನು ಹಿಂತೆಗೆದುಕೊಳ್ಳಿ.

ಗುರುಪುರ ತೀರ: ನೀವಿಬ್ಬರೂ ಕರುಣೆಯ ವಿಚಾರವನ್ನು ಬಿಟ್ಟು, ಕೆರೆಯ ಮೀನು ಯಾರದೆಂದು ಮೊದಲು ವಿಚಾರಿಸಲು ಪಡುಕೆರೆಯವರಿಗೆ ಹೇಳಿ. ಹರಾಜಿನಲ್ಲಿ ಗುತ್ತಿಗೆ ಹಿಡಿದು ಕಾಟ್ಲಾ, ರೋಹು ಮರಿ ಬಿಟ್ಟವನು ದಂಡೆಗೆ ಬಂದು ನಿಂತರೆ ವೇಡರೂ ರಕ್ಷಿಸದು, ಕ್ಯಾನ್ವಾಸ್ ಶೂವೂ ರಕ್ಷಿಸದು. ನನ್ನ ರಾಡನ್ನು ಕಸಿದಿಟ್ಟುಕೊಂಡು 1,000 ರೂಪಾಯಿ ತೆಗೆದುಕೊಂಡ ಮೇಲೆಯೇ ಮರಳಿಸಿದರು.

ಪಡುಕೆರೆಯವ: ಎಲ್ಲರಿಗೂ ಧನ್ಯವಾದಗಳು. ಆದರೆ ಕಾವೂರಿನವರೇ, 4,000ಕ್ಕೆ ಆ ರಾಡು, ರೀಲು ಕೊಂಡವನು ನಾನೇ ಇರಬೇಕು. ಪ್ರತಿ ಸಲವೂ ಸಿಹಿನೀರಿನಲ್ಲಿ ತೊಳೆದಿಟ್ಟದ್ದೆಂದು ತಾವು ಹೇಳಿದ್ದಿರಿ. ಬಿಚ್ಚಿಸಿದಾಗ ಬೇರಿಂಗಿನೊಳಗೆ ಉಪ್ಪು ಕಟ್ಟಿತ್ತು, 1,250 ಖರ್ಚಾಯಿತು.

ಕಾವೂರು ಗಾಳ: ಕೊಳ್ಳುವಾಗ ತಿರುಗಿಸಿ ನೋಡಿಯೇ ಒಯ್ದಿರಲ್ಲವೇ?